ಕೊಳವೆ ಷಣ್ಮುಖಪ್ಪನ ಸರ್ವರ್

ನಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ಹನ್ನೊಂದು ಜನ ನಿರ್ದೇಶಕರಿದ್ದರು. ಅಷ್ಟೂ ಜನಕ್ಕೆ ಸೇರಿ ಕಂಪ್ಯೂಟರಿನ ವಿಚಾರದಲ್ಲಿ ಗೊತ್ತಿದ್ದದ್ದು ಒಂದೇ ಸಂಗತಿ: ಅದು ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಇಂಥ ಮಹಾಜ್ಞಾನಿಗಳು ಸೇರಿ 2005ರ ಜನವರಿಯಲ್ಲಿ ಸಂಘಕ್ಕೊಂದು ಸರ್ವರ್ ಬೇಕೆಂದು ಠರಾವು ಮಾಡಿದರು. ಠರಾವು ಬರೆದ ಕೈ ನನ್ನದು. ನಾನು ನಂಜಯ್ಯ, ಕಂಪಲಾಪುರದ ಸುವರ್ಣಪರ್ಣ ಬೆಳೆಗಾರರ ಸಂಘದ ಆಗಿನ ಕಾರ್ಯದರ್ಶಿ. ಆ ಹೆಸರನ್ನು ಸರಿಯಾಗಿ ಹೇಳಬಲ್ಲ ಸದಸ್ಯ ಒಬ್ಬನೂ ಇರಲಿಲ್ಲ, ಎಲ್ಲರೂ ಸೊಪ್ಪಿನ ಸಂಘ ಅನ್ನುತ್ತಿದ್ದರು. ಹೊಗೆಸೊಪ್ಪು ಬೆಳೆಯುವ ಎರಡು ಸಾವಿರದ ಚಿಲ್ಲರೆ ಜನಕ್ಕೆ ಬೀಜ, ಗೊಬ್ಬರ, ಸೌದೆ ಹಂಚುವುದು ಸಂಘದ ಕೆಲಸ. ದೊಡ್ಡವರು ಹೇಳಿದ್ದನ್ನು ದುಂಡಗೆ ಬರೆದು ಕೆಳಗೆ ಸೀಲು ಒತ್ತುವುದು ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಕೆಲಸ.

ಸರ್ವರ್ ಬೇಕಾದದ್ದೇನೋ ನಿಜ. ಬೀಜಕ್ಕೊಂದು, ಗೊಬ್ಬರಕ್ಕೊಂದು, ಸೌದೆಗೊಂದು ಅಂತ ಮೂರು ಕೌಂಟರಿದ್ದವು. ಒಂದೊಂದರಲ್ಲೂ ಒಂದೊಂದು ಪಟ್ಟಿ. ಒಂದರಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿದ್ದು ಗೊಬ್ಬರ ಒಯ್ಯುತ್ತಿದ್ದ. ಮೂರು ಕೌಂಟರಿಗೂ ಒಂದೇ ಪಟ್ಟಿ ಕಾಣಿಸಬೇಕಾದರೆ ನಡುವೆ ಒಂದು ಯಂತ್ರ ಇರಬೇಕು, ಅಷ್ಟೇ. ಅದಕ್ಕೆ ಮೇಜಿನ ಕೆಳಗೆ ಇಡುವ ಸಾಧಾರಣ ಡಬ್ಬ ಸಾಕಾಗಿತ್ತು. ಆದರೆ ನಮ್ಮ ಅಧ್ಯಕ್ಷ ಬಸವರಾಜು ಮೈಸೂರಿನ ಯಾವುದೋ ಕಚೇರಿಯಲ್ಲಿ ಗಾಜಿನ ಕೋಣೆಯೊಳಗೆ ಆಳೆತ್ತರದ ಕಪ್ಪು ಕಪಾಟನ್ನೂ ಅದರಲ್ಲಿ ತಟ್ಟೆಯ ಹಾಗೆ ಮಲಗಿಸಿದ ಯಂತ್ರಗಳನ್ನೂ ಮಿಣುಕುವ ಹಸಿರು ದೀಪಗಳನ್ನೂ ನೋಡಿಬಿಟ್ಟಿದ್ದರು. ಅವತ್ತಿನಿಂದ ಅವರಿಗೆ ಊಟ ರುಚಿಸಲಿಲ್ಲ.

"ನಂಜಯ್ಯನವ್ರೇ, ನಮ್ಗೂ ಅಂಥದ್ದೇ ಬೇಕು ಕಣ್ರೀ. ಮಲಗ್ಸಿರೋ ಥರದ್ದು. ನಿಲ್ಸೋ ಡಬ್ಬ ಫೋಟೋ ಸ್ಟುಡಿಯೋದೋನ ತಾವೂ ಅದೆ," ಅಂದರು.

ಮೈಸೂರಿನಿಂದ ಎರಡು ಕಂಪನಿಯವರು ಟೈ ಕಟ್ಟಿಕೊಂಡು ಬಂದರು, ಕಾಫಿ ಕುಡಿದರು, ಗೊಬ್ಬರದ ಗೋದಾಮಿನ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದರು. ಹುಣಸೂರಿನಿಂದ ಆಚೆಗೆ ತಮ್ಮ ರಿಪೇರಿಯವರು ಬರುವುದಿಲ್ಲ ಎಂದು ಹೇಳಿ ಹೋದವರು ಮತ್ತೆ ತಲೆ ಹಾಕಲಿಲ್ಲ. ಆಗ ಉಳಿದವನು ಷಣ್ಮುಖಪ್ಪ.

ಷಣ್ಮುಖಪ್ಪ ಬೆಟ್ಟದಪುರದವನು, ಆಗ ನಲವತ್ತನಾಲ್ಕು ವಯಸ್ಸು. ಅವನ ಅಪ್ಪ ತಗಡಿನ ಕೆಲಸದವನು. ನಮ್ಮ ಕಡೆ ಹೊಗೆಸೊಪ್ಪನ್ನು ಬೇಯಿಸುವುದು ಬ್ಯಾರನ್ ಎಂಬ ಕಿಟಕಿಯಿಲ್ಲದ ಎತ್ತರದ ಕಟ್ಟಡದಲ್ಲಿ. ಹೊರಗೆ ಒಲೆ ಉರಿಯುತ್ತದೆ, ಒಳಗೆ ನೆಲದ ಮೇಲೆ ದಪ್ಪ ತಗಡಿನ ಕೊಳವೆಗಳು ಸುತ್ತಿಕೊಂಡಿರುತ್ತವೆ. ಕೊಳವೆಯೊಳಗೆ ಹೊಗೆ ಓಡುತ್ತದೆ, ಕೊಳವೆಯ ಬಿಸಿಗೆ ಮೇಲೆ ಕಟ್ಟಿದ ಸೊಪ್ಪು ಹಣ್ಣಾಗುತ್ತದೆ. ಕೊಳವೆಯ ಸಂದಿಯಲ್ಲಿ ಒಂದು ಕಿಡಿ ಹೊರಬಂದರೂ ಸೊಪ್ಪು, ಬ್ಯಾರನ್ ಎರಡೂ ಬೂದಿ. ಷಣ್ಮುಖಪ್ಪ ಎಂಟನೇ ತರಗತಿ ಮುಗಿಸಿ ಹದಿನಾಲ್ಕನೇ ವಯಸ್ಸಿಗೆ ಕತ್ತರಿ ಹಿಡಿದ. ಅವನು ಮಡಿಸಿದ ಕೊಳವೆಯಿಂದ ಹೊಗೆಯ ಎಳೆಯೂ ಆಚೆ ಬರುವುದಿಲ್ಲ ಎಂದು ಹೋಬಳಿಯೆಲ್ಲ ಹೇಳುತ್ತಿತ್ತು. ಹಾಗೆಂದು ಯಾರೂ ಅವನನ್ನು ಬಹುವಚನದಲ್ಲಿ ಕರೆಯಲಿಲ್ಲ. ಕೊಳವೆ ಷಣ್ಮುಖ, ಅಷ್ಟೇ. ನಾನೂ ಹಾಗೇ ಕರೆದೆ. ಈಗ ಬರೆಯುವಾಗಲೂ ಕೈ ಏಕವಚನವನ್ನೇ ಬರೆಯುತ್ತಿದೆ, ಅಷ್ಟು ಹಳೆಯ ಕೊಬ್ಬು.

ತಗಡಿನ ಕೆಲಸ ವರ್ಷಕ್ಕೆ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳಲ್ಲಿ ಅವನು ರೇಡಿಯೋ ಬಿಚ್ಚಿದ, ಟೀವಿ ಬಿಚ್ಚಿದ. 1998ರಲ್ಲಿ ಮೂರು ತಿಂಗಳು ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿತ. ಅಲ್ಲಿ ಅವನ ಪಕ್ಕ ಕೂತಿದ್ದವರು ಪಿಯುಸಿ ಮುಗಿಸಿದ ಹುಡುಗರು. ಅವರು ನಕ್ಕರಂತೆ, ಇವನು ಅವರಿಗಿಂತ ಮೊದಲು ಮುಗಿಸಿದನಂತೆ. ಆಮೇಲೆ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿ ಹಾಕಿದ. ಬೋರ್ಡಿನಲ್ಲಿ ಒಂದು ಕಡೆ ಕಂಪ್ಯೂಟರಿನ ಚಿತ್ರ, ಇನ್ನೊಂದು ಕಡೆ ಕೊಳವೆಯ ಚಿತ್ರ. ಓದಿದವರು ಅದನ್ನು ನೋಡಿ ನಗುತ್ತಿದ್ದರು, ನಕ್ಕು ಒಳಗೆ ಬಂದು ತಮ್ಮ ಕೆಟ್ಟ ಕಂಪ್ಯೂಟರನ್ನು ಅವನ ಮುಂದೆ ಇಡುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಒಂದು ಪತ್ರ. ಹುಣಸೂರಿನ ಕಡೆಯ ಎರಡು ಸಂಘಗಳವರು, ಕೆ.ಆರ್. ನಗರದ ಒಬ್ಬ ಅಕ್ಕಿ ಗಿರಣಿಯವನು ಅವನನ್ನು ಕರೆಸಿ ಮಾತಾಡಿದ್ದರು. ಕೆಲಸ ಒಪ್ಪಿಸುವ ಮಾತು ಬಂದಾಗ ಎಲ್ಲರೂ ಕೇಳಿದ್ದು ಒಂದೇ, ಹಿಂದೆ ಎಲ್ಲಾದರೂ ಇಂಥದ್ದು ಮಾಡಿದ್ದಕ್ಕೆ ಪತ್ರ ಇದೆಯೇ? ಎಂಟನೇ ತರಗತಿ ಓದಿದವನ ಕೈಗೆ ಬೆಲೆಯಿಲ್ಲ, ಅವನ ಕೈಯಲ್ಲಿರುವ ಕಾಗದಕ್ಕೆ ಬೆಲೆ. ನಮ್ಮ ದೇಶ ನಡೆಯುವುದೇ ಹೀಗೆ, ಮತ್ತು ಇದನ್ನು ನಡೆಸುವವರು ನನ್ನಂಥ ಕಾರ್ಯದರ್ಶಿಗಳು.

ಠರಾವಿನಲ್ಲಿ ಷರತ್ತು ಬರೆದೆ. ಯಂತ್ರವನ್ನು ಜೋಡಿಸಿ ಕೊಟ್ಟ ಮೇಲೆ ಅದು ಮೂವತ್ತು ದಿನ ನಿಲ್ಲದೆ ನಡೆಯಬೇಕು. ನಡೆದರೆ ಸಂಘದ ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷರ ರುಜು ಮತ್ತು ದುಂಡು ಸೀಲಿನೊಂದಿಗೆ, ಸರ್ವರನ್ನು ಕಟ್ಟಿದವರು ಇವರೇ ಎಂದು ಪತ್ರ ಕೊಡತಕ್ಕದ್ದು. ಷಣ್ಮುಖಪ್ಪ ಅದನ್ನು ಎರಡು ಸಲ ಓದಿದ.

"ಸಾರ್, ನ್ಯಾಯವಾಗಿ ಹೇಳ್ಬೇಕು ಅಂದ್ರೆ ನಿಮ್ಗೆ ಇಷ್ಟು ದೊಡ್ಡದು ಬ್ಯಾಡ," ಅಂದ. "ನಿಲ್ಸೋ ಡಬ್ಬದಲ್ಲೇ ಆಯ್ತದೆ. ಅಂಗೂ ಇದೇ ಬೇಕು ಅಂದ್ರೆ ಮಾಡ್ಕೊಡ್ತೀನಿ. ಗಟ್ಟಿಯಾಗೇ ಮಾಡ್ಕೊಡ್ತೀನಿ."

"ಇದೇ ಬೇಕು ಕಣ್ಲಾ," ಅಂದರು ಅಧ್ಯಕ್ಷರು. "ನೀನು ಕೊಳವೆ ಸುತ್ತೋನು. ದೊಡ್ಡದು ಚಿಕ್ಕದು ನಮ್ಗೆ ಬುಡು."

ಫೆಬ್ರುವರಿಯಲ್ಲಿ ಅವನೇ ಬೆಂಗಳೂರಿಗೆ ಹೋಗಿ ಸರ್ವರಿನ ಬರಿಯ ಹಂದರ, ಅವನ ಭಾಷೆಯಲ್ಲಿ ಬೇರ್‌ಬೋನ್ ತಂದ. ಅದನ್ನು ಬಿಚ್ಚಿದ ದಿನ ನಿರ್ದೇಶಕರೆಲ್ಲ ಬಂದು ಸುತ್ತ ನಿಂತರು. ರಟ್ಟಿನ ಪೆಟ್ಟಿಗೆಯಿಂದ ಹೊರಬಂದದ್ದು ಎರಡು ಬೆರಳೆತ್ತರದ, ಮೊಳಕ್ಕಿಂತ ಉದ್ದದ ಕಬ್ಬಿಣದ ತಟ್ಟೆ. ಒಳಗೆ ಒಂದು ಹಸಿರು ಬೋರ್ಡು, ಕರೆಂಟು ಕೊಡುವ ಒಂದು ಡಬ್ಬಿ, ಅಡ್ಡಸಾಲಿನಲ್ಲಿ ಆರು ಪುಟಾಣಿ ಫ್ಯಾನು. ಉಳಿದಂತೆ ಬರಿದು.

"ಮೋಸ ಹೋದ್ಯಲ್ಲೋ! ಒಳಗೇನೂ ಇಲ್ವಲ್ಲೋ!" ಎಂದು ನಿರ್ದೇಶಕ ದೊಡ್ಡಮಾದಯ್ಯ ಕೂಗಿಯೇಬಿಟ್ಟ.

"ಇದು ಬ್ಯಾರನ್ ಗೋಡೆ ಎದ್ದಂಗೆ ಸಾ," ಎಂದ ಷಣ್ಮುಖಪ್ಪ. "ಒಲೆ, ಕೊಳವೆ, ಸೊಪ್ಪು ಕಟ್ಟೋ ಕಡ್ಡಿ ಎಲ್ಲ ನಮ್ಗೆ ಬೇಕಾದಂಗೆ ನಾವೇ ಹಾಕ್ಕಬೇಕು. ಅದ್ಕೇ ಇದ್ನ ತಂದಿದ್ದು."

ಅದೊಂದು ಮಾತು ಮಾತ್ರ ಎಲ್ಲರಿಗೂ ಅರ್ಥವಾಯಿತು. ಅರ್ಥವಾದದ್ದೇ ಮುಂದೆ ಕುತ್ತಾಯಿತು.

ಅವನು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ನೋಡದೆ ಇದ್ದಿದ್ದರೆ ಇವತ್ತು ನನ್ನ ಮೇಲೆ ನನಗೆ ಇಷ್ಟು ಅಸಹ್ಯ ಬರುತ್ತಿರಲಿಲ್ಲ. ಗೋದಾಮಿನ ಮೂಲೆಯಲ್ಲಿ ಪ್ಲೈವುಡ್ಡು ಹೊಡೆದು ಮಾಡಿದ ಕೋಣೆ, ಒಂದು ಬೆಂಚು, ಯಂತ್ರ ಮಲಗಿಸಲು ರ‍್ಯಾಕ್ ಎಂಬ ಕಪ್ಪು ಕಪಾಟು. ಮೊದಲು ಬರಿಗೈಯಿಂದ ರ‍್ಯಾಕಿನ ಕಬ್ಬಿಣ ಮುಟ್ಟಿ ಬೋರ್ಡಿಗೆ ತಗುಲದ ಹಾಗೆ ಮೈಯ ಕರೆಂಟು ಕಳೆದುಕೊಂಡ. ಪ್ರೊಸೆಸರಿನ ಚದರ ಬಿಲ್ಲೆಯನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಇಳಿಸಿದ, ಒತ್ತಲಿಲ್ಲ, ಅದು ತಾನೇ ಕೂತಿತು. ಅದರ ಮೇಲೆ ಅಕ್ಕಿ ಕಾಳಿನಷ್ಟು ಬಿಳಿ ಪೇಸ್ಟು. ಅದರ ಮೇಲೆ ಬಿಸಿ ಎಳೆಯುವ ತಾಮ್ರದ ಗಟ್ಟಿ, ನಾಲ್ಕು ಮೂಲೆಯ ತಿರುಪನ್ನೂ ಸಮವಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಆಮೇಲೆ ಮೆಮೊರಿಯ ಉದ್ದ ಬಿಲ್ಲೆಗಳು. ಹಾರ್ಡ್ ಡಿಸ್ಕು ಎರಡು ಹಾಕಿದ. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯಬೇಕು, ಒಂದು ಸತ್ತರೂ ಪಟ್ಟಿ ಉಳಿಯಬೇಕು ಎಂದ.

ಎಲ್ಲ ಮುಗಿದ ಮೇಲೆ ಮುಚ್ಚಳ ಹಾಕುವ ಬದಲು ಕೂತು ನೋಡುತ್ತಲೇ ಇದ್ದ. ಫ್ಯಾನಿನ ಗಾಳಿ ತಾಮ್ರದ ಗಟ್ಟಿಯ ಎರಡೂ ಪಕ್ಕದ ಖಾಲಿ ಜಾಗದಲ್ಲಿ ಜಾರಿ ಹೋಗುತ್ತಿದೆ, ಗಟ್ಟಿಯ ಮೇಲೆ ಹಾಯುತ್ತಿಲ್ಲ ಎಂದು ಅವನಿಗೆ ಅನಿಸಿತ್ತು. ಮರುದಿನ ಚೀಲದಲ್ಲಿ ತಗಡಿನ ಕತ್ತರಿ ತಂದ. ತೆಳು ಅಲ್ಯೂಮಿನಿಯಂ ತಗಡನ್ನು ಅಳೆದು, ಕತ್ತರಿಸಿ, ಮೂರು ಮಡಿಕೆ ಮಡಿಸಿ, ಫ್ಯಾನಿನಿಂದ ಗಟ್ಟಿಯವರೆಗೆ ಗೇಣುದ್ದದ ಒಂದು ಓಣಿ ಕಟ್ಟಿದ. ಚೂಪು ಅಂಚನ್ನೆಲ್ಲ ಒಳಕ್ಕೆ ಮಡಿಸಿ ಬಟ್ಟೆಯಲ್ಲಿ ಒರೆಸಿದ. ಅದಕ್ಕೆ ಮೇಲುಭಾಗ ಇರಲಿಲ್ಲ, ಪೆಟ್ಟಿಗೆಯ ಮುಚ್ಚಳವೇ ಅದರ ಸೂರು. ಮುಚ್ಚಳ ಹಾಕಿ ನಡೆಸಿದಾಗ ಬಿಸಿ ಹನ್ನೆರಡು ಡಿಗ್ರಿ ಇಳಿಯಿತು. ಮೂವತ್ತು ವರ್ಷ ಬ್ಯಾರನ್ನಿಗೆ ಕೊಳವೆ ಮಡಿಸಿದ ಕೈ ಅದು. ಟೈ ಕಟ್ಟಿದ ಯಾವ ಕಂಪನಿಯವನಿಗೂ ಅಂಥ ಮಡಿಕೆ ಬರುವುದಿಲ್ಲ.

ಏಪ್ರಿಲ್ ನಾಲ್ಕರಂದು ಪ್ರಾರಂಭೋತ್ಸವ. ನಲವತ್ತು ತಟ್ಟೆ ಹಿಡಿಯುವ ಆಳೆತ್ತರದ ರ‍್ಯಾಕಿನಲ್ಲಿ ಒಂದೇ ಒಂದು ತಟ್ಟೆ ಮಲಗಿತ್ತು. ಅಧ್ಯಕ್ಷರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಕುಂಕುಮವನ್ನು ಮುಂದಿನ ಜಾಲರಿಗೆ ಹಚ್ಚಬೇಡಿ, ಪುಡಿ ಒಳಗೆ ಹೋಗುತ್ತದೆ ಎಂದು ಷಣ್ಮುಖಪ್ಪ ಹೇಳಿದ್ದಕ್ಕೆ, ಇವನೇನು ನಾಸ್ತಿಕನೋ ಎಂದು ದೊಡ್ಡಮಾದಯ್ಯ ಗೊಣಗಿದ. ಕಡೆಗೆ ಕುಂಕುಮ ರ‍್ಯಾಕಿಗೆ ಬಿತ್ತು. ಮೂರು ಕೌಂಟರಿನಲ್ಲೂ ಒಂದೇ ಪಟ್ಟಿ ಬಂತು. ಸತ್ತವರೆಲ್ಲ ಅವತ್ತೇ ಒಟ್ಟಿಗೆ ಸತ್ತರು. ಆಪರೇಟರ್ ಕಾವ್ಯಶ್ರೀ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯತೊಡಗಿದಳು.

ಆ ವರ್ಷದ ಏಪ್ರಿಲ್ ಬಿಸಿಲು ಜೋರಾಗಿತ್ತು. ಹತ್ತನೇ ದಿನ, ಷಣ್ಮುಖಪ್ಪ ಯಂತ್ರ ನೋಡಿಕೊಳ್ಳಲು ಬಂದಿದ್ದಾಗ, ಅಧ್ಯಕ್ಷರು ಬಂದವರು ರ‍್ಯಾಕಿನ ಹಿಂದೆ ಕೈ ಇಟ್ಟು ಹೌಹಾರಿದರು.

"ಏನ್ಲಾ ಇದು, ಒಲೆ ಉರಿದಂಗೆ ಬಿಸಿ ಬತ್ತಾ ಅದೆ! ಮುಚ್ಚಳ ತೆಗಿಯೋ, ಉಸಿರಾಡ್ಲಿ!"

"ಬಿಸಿ ಹಿಂದ್ಗಡೆ ಬರ್ಲೇಬೇಕು ಸಾ," ಎಂದ ಷಣ್ಮುಖಪ್ಪ. "ಹಿಂದೆ ಬಿಸಿ ಬಂತು ಅಂದ್ರೆ ಒಳಗಿಂದು ಆಚ್ಗೆ ಹೋಯ್ತಾ ಅದೆ ಅಂತ. ಮುಚ್ಚಳ ತೆಗುದ್ರೆ ಗಾಳಿ ಓಡಾಡೋ ದಾರೀನೇ ಹೋಯ್ತದೆ."

"ಬಿಸಿ ಮ್ಯಾಲಕ್ಕೆ ಹೋಯ್ತದೋ ಅಡ್ಡಡ್ಡ ಹೋಯ್ತದೋ?"

"ಮ್ಯಾಲಕ್ಕೇಯ."

"ಮತ್ತೆ? ಸೊಪ್ಪು ಹಳದಿ ತಿರುಗ್ದಾಗ ಬ್ಯಾರನ್ನಿನ ಮ್ಯಾಲಿನ ಗವಾಕ್ಷಿ ತೆಗೀದೆ ಇದ್ರೆ ಏನಾಯ್ತದೆ? ಬೆಂದು ಕಪ್ಪಾಯ್ತದೆ. ಆರು ಬ್ಯಾರನ್ ಮಡಗಿರೋ ನಂಗೆ ಬಿಸಿ ವಿಚಾರ ಹೇಳ್ಕೊಡ್ತೀಯಾ?"

ಇದು ನಮ್ಮ ಹೊಗೆಸೊಪ್ಪಿನವರ ದೊಡ್ಡ ಜಂಬ. ಬಿಸಿಯ ವಿಚಾರದಲ್ಲಿ ಅವರಿಗೆ ಯಾರೂ ಏನೂ ಹೇಳುವ ಹಾಗಿಲ್ಲ. ಕೈ ಇಟ್ಟು ಡಿಗ್ರಿ ಹೇಳುತ್ತಾರೆ, ಮೂಗಿನಲ್ಲಿ ಹದ ಹೇಳುತ್ತಾರೆ. ಬ್ಯಾರನ್ನಿನಲ್ಲಿ ಅದೆಲ್ಲ ನಿಜವೇ. ಆದರೆ ಅಲ್ಲಿ ಗಾಳಿ ತನ್ನಷ್ಟಕ್ಕೆ ನಿಧಾನವಾಗಿ ಮೇಲೇರುತ್ತದೆ, ಇಲ್ಲಿ ಆರು ಫ್ಯಾನು ಅದನ್ನು ಮುಂದಿನಿಂದ ಹಿಂದಕ್ಕೆ ದಬ್ಬುತ್ತವೆ. ಷಣ್ಮುಖಪ್ಪ ಸಿಟ್ಟಾಗಲಿಲ್ಲ. ದೇವರ ಫೋಟೋದ ಮುಂದಿನ ಊದುಕಡ್ಡಿ ಹಚ್ಚಿ ತಂದು ರ‍್ಯಾಕಿನ ಮುಂದೆ ಹಿಡಿದ. ಹೊಗೆ ನೇರ ಜಾಲರಿಯೊಳಗೆ ನುಗ್ಗಿತು, ಹಿಂದೆ ಬಂತು. ಆಮೇಲೆ ಒಂದೇ ನಿಮಿಷ ಮುಚ್ಚಳ ಸರಿಸಿ ತೋರಿಸಿದ. ಹೊಗೆ ಜಾಲರಿಯ ಹತ್ತಿರ ಹೋಗಲೇ ಇಲ್ಲ, ಅತ್ತಿತ್ತ ಅಲೆದು ಮೇಲಕ್ಕೆ ಹೋಯಿತು.

"ನೋಡಿ ಸಾ. ಮುಂದೆ ಇರೋ ಡಿಸ್ಕಿಗೂ ಗಾಳಿ ಇಲ್ಲ, ನಡುವೆ ಇರೋ ಗಟ್ಟಿಗೂ ಇಲ್ಲ. ಫ್ಯಾನು ಮ್ಯಾಲಿಂದ ಎಳ್ಕೊಂಡು ಮ್ಯಾಲಕ್ಕೇ ಬುಡ್ತಾ ಅದೆ."

ಕುರುಡನಿಗೂ ಕಾಣುವ ಹಾಗಿತ್ತು. ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿ, "ಊದುಕಡ್ಡಿ ಹಚ್ಚಿದ್ದು ಒಳ್ಳೇದಾಯ್ತು ಬುಡು, ಪೂಜೆ ಆದಂಗಾಯ್ತು," ಎಂದು ಹೊರಟು ಹೋದರು. ಷಣ್ಮುಖಪ್ಪ ಮುಚ್ಚಳ ಹಾಕಿ ಆರು ತಿರುಪು ಬಿಗಿದ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸಾರ್, ಯಾರು ಹೇಳುದ್ರೂ ಮುಚ್ಚಳ ತೆಗಿಯೋಕೆ ಬುಡ್ಬೇಡಿ. ಇನ್ನು ಇಪ್ಪತ್ತು ದಿನ. ಅಷ್ಟೇ ನಾನು ಕೇಳೋದು."

ಆಗಲಿ ಎಂದೆ. ಎಷ್ಟು ಸಲೀಸಾಗಿ ಎಂದೆ!

ಇಪ್ಪತ್ತೊಂದನೇ ದಿನ ಅವನಿಗೆ ಎಚ್.ಡಿ. ಕೋಟೆಯ ಕಡೆ ಅಂತರಸಂತೆಯಲ್ಲಿ ಕೆಲಸ ಬಂತು, ಹೋದ. ಇಪ್ಪತ್ತೆರಡನೇ ದಿನ, ಏಪ್ರಿಲ್ ಇಪ್ಪತ್ತೈದರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಧ್ಯಕ್ಷರು ದೊಡ್ಡಮಾದಯ್ಯನನ್ನು ಕಟ್ಟಿಕೊಂಡು ಬಂದರು. ಕಾವ್ಯಶ್ರೀ ಊಟಕ್ಕೆ ಹೋಗಿದ್ದಳು. ಅಧ್ಯಕ್ಷರು ಹಿಂದೆ ಕೈ ಇಟ್ಟರು, ತಲೆ ಕೊಡವಿದರು.

"ಹತ್ಕಂಡು ಉರಿದೋದ್ರೆ ಯಾರ್ರೀ ಜವಾಬ್ದಾರಿ? ನೀವಾ? ನಂಜಯ್ಯನವ್ರೇ, ಒಂದು ಸ್ಕ್ರೂಡ್ರೈವರ್ ತಗಬನ್ನಿ."

ತಂದುಕೊಟ್ಟೆ. ತಂದುಕೊಟ್ಟದ್ದಷ್ಟೇ ಅಲ್ಲ. ಆ ಸಣ್ಣ ತಿರುಪು ಅಧ್ಯಕ್ಷರ ಕೈಗೂ ದೊಡ್ಡಮಾದಯ್ಯನ ಕೈಗೂ ಬಗ್ಗಲಿಲ್ಲ, ಸ್ಕ್ರೂಡ್ರೈವರ್ ಜಾರಿ ಜಾರಿ ಹೋಯಿತು. ಅವರಿಬ್ಬರೂ ಪಕ್ಕಕ್ಕೆ ಸರಿದರು. ಆರು ತಿರುಪನ್ನೂ ನಾನೇ ಬಿಚ್ಚಿದೆ, ಮುಚ್ಚಳವನ್ನು ನಾನೇ ಎತ್ತಿ ರ‍್ಯಾಕಿನ ತಲೆಯ ಮೇಲೆ ಇಟ್ಟೆ. ಅಧ್ಯಕ್ಷರು ತೆರೆದ ಪೆಟ್ಟಿಗೆಯ ಮೇಲೆ ಕೈಯಾಡಿಸಿ, "ಈಗ ನೋಡ್ರೀ, ಎಂಗೆ ಬಿಸಿ ಮ್ಯಾಲಕ್ಕೆ ಹೋಯ್ತಾ ಅದೆ," ಎಂದು ಸಂತೋಷಪಟ್ಟರು. ನಾನೂ ಹೌದು ಸಾರ್ ಎಂದೆ. ಊದುಕಡ್ಡಿಯ ಹೊಗೆ ನನ್ನ ಕಣ್ಣಿಗೂ ಕಂಡಿತ್ತು. ಕಂಡಿದ್ದರೂ ಹೌದು ಸಾರ್ ಎಂದೆ.

ಒಂದೂವರೆಗೆ ಸರ್ವರ್ ನಿಂತಿತು. ಮೂರು ಕೌಂಟರಿನಲ್ಲೂ ಗಲಾಟೆ. ಅಧ್ಯಕ್ಷರು ಗುಂಡಿ ಒತ್ತಿದರು, ಎದ್ದಿತು, ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಮತ್ತೆ ಒತ್ತಿದರು. ಮೂರನೇ ಸಲ ಒಳಗಿನಿಂದ ಕಟಕಟ ಸದ್ದು ಬಂದು ಒಂದು ಡಿಸ್ಕು ಸತ್ತೇ ಹೋಯಿತು. ಅಧ್ಯಕ್ಷರು ಕರ್ಚೀಫಿನಲ್ಲಿ ಬೆವರು ಒರೆಸಿಕೊಂಡು, "ಕೊಳವೆ ಸುತ್ತೋನ ಕೈಗೆ ಇಂಥದ್ದು ಕೊಟ್ಟಿದ್ದೇ ತಪ್ಪು," ಎಂದು ತೀರ್ಪು ಕೊಟ್ಟರು.

ಫೋನು ಮಾಡಿದ್ದಕ್ಕೆ ಷಣ್ಮುಖಪ್ಪ ಮರುದಿನ ಮೊದಲ ಬಸ್ಸಿಗೆ ಬಂದ. ಕೋಣೆಗೆ ಕಾಲಿಟ್ಟವನು ಯಂತ್ರ ನೋಡಲಿಲ್ಲ, ರ‍್ಯಾಕಿನ ಮೇಲಿದ್ದ ಮುಚ್ಚಳ ನೋಡಿದ. ಅದನ್ನು ಇಳಿಸಿ ಎದೆಗೆ ಹಿಡಿದುಕೊಂಡು, "ಯಾರು ಸಾರ್ ತೆಗ್ದೋರು?" ಎಂದು ಕೇಳಿದ. ನಾನು ಫೈಲು ಹುಡುಕುವವನ ಹಾಗೆ ಬೀರುವಿಗೆ ತಲೆ ಹಾಕಿದೆ. ಅವನು ಎರಡನೇ ಸಲ ಕೇಳಲಿಲ್ಲ. ತನ್ನ ಅಂಗಡಿಯಿಂದ ಇನ್ನೊಂದು ಡಿಸ್ಕು ತಂದು ಹಾಕಿದ, ಮುಚ್ಚಳ ಬಿಗಿದ, ನಡೆಸಿದ. ಎರಡು ಸಾವಿರ ಜನರ ಪಟ್ಟಿಯಲ್ಲಿ ಒಂದು ಹೆಸರೂ ಹೋಗಿರಲಿಲ್ಲ. ಇದಕ್ಕಾಗಿಯೇ ಅವನು ಎರಡು ಡಿಸ್ಕು ಹಾಕಿದ್ದ ಎಂಬುದು ಯಾರ ಬಾಯಲ್ಲೂ ಬರಲಿಲ್ಲ.

ಮೇ ಮೊದಲ ವಾರ ಮಂಡಳಿಯ ಸಭೆ. ಷಣ್ಮುಖಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಕೈಯಲ್ಲಿ ಕಾವ್ಯಶ್ರೀ ಪ್ರಿಂಟ್ ತೆಗೆದುಕೊಟ್ಟ ಎರಡು ಹಾಳೆ. ಯಂತ್ರ ಐದು ನಿಮಿಷಕ್ಕೊಮ್ಮೆ ತನ್ನ ಮೈಬಿಸಿಯನ್ನು ತಾನೇ ಬರೆದಿಟ್ಟುಕೊಳ್ಳುವ ಹಾಗೆ ಅವನು ಮಾಡಿದ್ದ.

"ಇಪ್ಪತ್ತೊಂದು ದಿನ ಐವತ್ತೈದು ಡಿಗ್ರಿ ದಾಟಿಲ್ಲ ಸಾ," ಎಂದ. "ಇಪ್ಪತ್ತೆರಡನೇ ದಿನ ಹನ್ನೆರಡೂ ಹತ್ತಕ್ಕೆ ಐವತ್ತೊಂದಿತ್ತು. ಹನ್ನೆರಡೂ ನಲವತ್ತಕ್ಕೆ ಅರವತ್ತೇಳು. ಒಂದೂ ಇಪ್ಪತ್ತಕ್ಕೆ ಎಂಬತ್ನಾಲ್ಕು. ಹನ್ನೆರಡೂ ಹತ್ತಕ್ಕೆ ಮುಚ್ಚಳ ತೆಗ್ದವ್ರೆ. ನಾನು ಯಾರ ಮ್ಯಾಲೂ ದೂರು ಹೇಳೋಕೆ ಬಂದಿಲ್ಲ. ಮುಚ್ಚಳ ತೆಗ್ದಿದ್ರಿಂದ ನಿಂತ್ಕೊತು ಅಂತ ಒಪ್ಕೊಂಡು ಪತ್ರ ಕೊಡಿ, ಇಲ್ಲಾಂದ್ರೆ ಇವತ್ತಿಂದ ಇನ್ನೊಂದು ಮೂವತ್ತು ದಿನ ಲೆಕ್ಕ ಹಾಕಿ."

ಹನ್ನೊಂದು ಜನ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದರು. ಕೆಲವರು ತಲೆಕೆಳಗಾಗಿ ಹಿಡಿದೇ ಓದಿದರು. ಅಧ್ಯಕ್ಷರು ಹಾಳೆಯನ್ನು ಮೇಜಿನ ಮೇಲೆ ಹಾಕಿ ನನ್ನ ಕಡೆ ತಿರುಗಿದರು.

"ಸೆಕ್ರೆಟ್ರಿಯವ್ರು ಆ ದಿನ ಪೂರ್ತಿ ಇಲ್ಲೇ ಇದ್ರು. ಏನ್ರೀ, ಮುಚ್ಚಳ ಯಾರಾದ್ರೂ ಮುಟ್ಟಿದ್ರಾ?"

ಅವರ ಮುಖದಲ್ಲಿ ಅಂಜಿಕೆಯ ಸುಳಿವೂ ಇರಲಿಲ್ಲ. ನನ್ನನ್ನು ಅವರು ಅಷ್ಟು ಚೆನ್ನಾಗಿ ಬಲ್ಲವರಾಗಿದ್ದರು. ನನ್ನ ನಿವೃತ್ತಿಗೆ ಹದಿಮೂರು ತಿಂಗಳಿತ್ತು, ಗ್ರಾಚ್ಯುಯಿಟಿಯ ಕಾಗದಕ್ಕೆ ಅವರ ರುಜು ಬೀಳಬೇಕಿತ್ತು. ಷಣ್ಮುಖಪ್ಪ ನನ್ನನ್ನೇ ನೋಡುತ್ತಿದ್ದ. ಇವರು ಸುಳ್ಳು ಹೇಳುವವರಲ್ಲ ಎಂಬ ನಂಬಿಕೆ ಅವನ ಮುಖದಲ್ಲಿತ್ತು, ಅದನ್ನು ನೋಡಿಯೇ ನನಗೆ ಸಿಟ್ಟು ಬಂತು. ನಂಬು ಎಂದು ಇವನಿಗೆ ಹೇಳಿದವರು ಯಾರು?

"ನಾನು ಗಮನಿಸಲಿಲ್ಲ ಸಾರ್," ಎಂದೆ.

ಠರಾವು ಬರೆದೆ. ಸದರಿ ಯಂತ್ರವು ಇಪ್ಪತ್ತೆರಡನೇ ದಿನ ಜೋಡಣೆಯ ದೋಷದಿಂದ ಸ್ಥಗಿತಗೊಂಡಿದ್ದರಿಂದ ಪತ್ರ ನೀಡಲು ಬರುವುದಿಲ್ಲ. ಅಕ್ಷರ ದುಂಡಗೇ ಬಂತು. ಷಣ್ಮುಖಪ್ಪ ಹಾಳೆ ಎರಡನ್ನೂ ಮಡಿಸಿ ಜೇಬಿಗೆ ಇಟ್ಟುಕೊಂಡ, ಎಲ್ಲರಿಗೂ ಕೈಮುಗಿದ, ಹೋದ.

ಹುಣಸೂರಿನ ಸಂಘದವರು ಒಂದು ದಿನ ನನಗೆ ಫೋನು ಮಾಡಿ, ನಿಮ್ಮಲ್ಲಿ ಸರ್ವರ್ ಕಟ್ಟಿದವನು ಹೇಗೆ ಎಂದು ಕೇಳಿದರು. ಠರಾವಿನಲ್ಲಿರುವುದನ್ನು ಓದಿ ಹೇಳಿದೆ. ಕೆಲಸ ಮೈಸೂರಿನವರಿಗೆ ಹೋಯಿತು. ಅಕ್ಕಿ ಗಿರಣಿಯವನು ಫೋನು ಕೂಡ ಮಾಡಲಿಲ್ಲ, ಸಂತೆಯಲ್ಲೇ ಅವನಿಗೆ ಸುದ್ದಿ ಮುಟ್ಟಿತ್ತು. ಕೊಳವೆ ಷಣ್ಮುಖ ಮಾಡಿದ ಕಂಪ್ಯೂಟರ್ ಇಪ್ಪತ್ತು ದಿನಕ್ಕೆ ಸುಟ್ಟುಹೋಯಿತಂತೆ ಎಂದು ಹೋಬಳಿಯೆಲ್ಲ ನಕ್ಕಿತು. ಅದೇ ಜನ ಅದೇ ಸರ್ವರಿನಿಂದ ಬಂದ ಚೀಟಿ ಹಿಡಿದು ಗೊಬ್ಬರ ಒಯ್ದರು. ಏಕೆಂದರೆ ಅದು ಆಮೇಲೆ ನಿಲ್ಲಲೇ ಇಲ್ಲ. ಕಾವ್ಯಶ್ರೀ ಮುಚ್ಚಳದ ಮೇಲೆ ಒಂದು ಕಾಗದ ಅಂಟಿಸಿ, ಇದನ್ನು ಮುಟ್ಟಿದವರ ಹೆಸರು ಬರೆದುಕೊಳ್ಳಲಾಗುವುದು ಎಂದು ಕೆಂಪಕ್ಷರದಲ್ಲಿ ಬರೆದಿದ್ದಳು. ಅದನ್ನು ಬರೆಯುವಾಗ ಅವಳು ನನ್ನ ಮುಖ ನೋಡಲಿಲ್ಲ.

2006ರ ಮೇ ಮೂವತ್ತೊಂದರಂದು ನಾನು ನಿವೃತ್ತನಾದೆ. ಅವತ್ತಿಗೆ ಸರ್ವರ್ ನಾನೂರು ದಿನ ತಾನಾಗಿ ಒಮ್ಮೆಯೂ ನಿಲ್ಲದೆ ನಡೆದಿತ್ತು. ಬೆಳಿಗ್ಗೆ ಲೆಟರ್‌ಹೆಡ್ಡಿನಲ್ಲಿ ಪತ್ರ ಟೈಪು ಮಾಡಿದೆ: ನಮ್ಮ ಸಂಘದ ಸರ್ವರನ್ನು ಬೇರ್‌ಬೋನಿನಿಂದ ಸಂಪೂರ್ಣವಾಗಿ ಜೋಡಿಸಿದವರು ಬೆಟ್ಟದಪುರದ ಶ್ರೀ ಷಣ್ಮುಖಪ್ಪನವರು, ಯಂತ್ರ ಅತ್ಯಂತ ತೃಪ್ತಿಕರವಾಗಿ ನಡೆಯುತ್ತಿದೆ. ನನ್ನ ಕಾಗದಗಳ ನಡುವೆ ಅದನ್ನೂ ಸೇರಿಸಿದೆ. ಅಧ್ಯಕ್ಷರು ಹಾರ ಶಾಲಿನ ಗಡಿಬಿಡಿಯಲ್ಲಿ ಯಾವುದನ್ನೂ ಓದದೆ ಎಲ್ಲಕ್ಕೂ ರುಜು ಹಾಕಿದರು. ಸೀಲು ಒತ್ತಿದೆ. ನಾನೊಬ್ಬ ದೊಡ್ಡ ಧೈರ್ಯವಂತ ಎಂದು ನನಗೇ ಅನಿಸಿತು.

ಹನ್ನೊಂದು ದಿನ ಬಿಟ್ಟು ಪತ್ರ ಹಿಡಿದು ಪಿರಿಯಾಪಟ್ಟಣಕ್ಕೆ ಹೋದೆ. ಬೋರ್ಡಿನಲ್ಲಿ ಕಂಪ್ಯೂಟರಿನ ಚಿತ್ರದ ಮೇಲೆ ಬಣ್ಣ ಬಳಿದಿದ್ದರು. ಬ್ಯಾರನ್ ಕೆಲಸದ ತಿಂಗಳು ಅದು. ಷಣ್ಮುಖಪ್ಪ ನೆಲದಲ್ಲಿ ಕೂತು ತಗಡು ಬಗ್ಗಿಸುತ್ತಿದ್ದ, ಅವನ ಹೆಂಡತಿ ಗುರುಶಾಂತಮ್ಮ ಇನ್ನೊಂದು ತುದಿ ಹಿಡಿದಿದ್ದಳು. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿ ಕೂರಿಸಿದ. ಪತ್ರ ಕೊಟ್ಟೆ. ಕೈ ತೊಳೆದುಕೊಂಡು ಬಂದು ಇಸಕೊಂಡ, ಎರಡು ಸಲ ಓದಿದ. ತನ್ನ ಹೆಸರಿನ ಹಿಂದೆ ಮುಂದೆ ಇದ್ದ ಶ್ರೀ, ಅವರು ಎಂಬುದರ ಮೇಲೆ ಬೆರಳಿಟ್ಟು ನೋಡಿದ.

"ಚೆನ್ನಾಗಿ ಬರ್ದಿದ್ದೀರಿ ಸಾರ್," ಎಂದ. "ಇಪ್ಪತ್ತೆರಡನೇ ದಿನ ಯಾಕೆ ನಿಂತ್ಕೊತು ಅಂತ ಮಾತ್ರ ಇದ್ರಲ್ಲಿಲ್ಲ."

"ಅದ್ಯಾಕಪ್ಪ ಈಗ? ಒಳ್ಳೇ ಮಾತು ಇದೆಯಲ್ಲ."

"ಈ ಪತ್ರ ಹಿಡ್ಕೊಂಡು ಎಲ್ಲಿಗೆ ಹೋದ್ರೂ ಮೊದ್ಲು ಕೇಳೋದು ಅದನ್ನೇಯ. ಸುಟ್ಟೋಯ್ತಂತಲ್ಲ ಅಂತಾರೆ. ಆಗ ನಾನೇನು ತೋರುಸ್ಲಿ?" ಎಂದ. "ಮುಚ್ಚಳ ತೆಗ್ದಿದ್ರಿಂದ ನಿಂತ್ಕೊತು, ತೆಗ್ದೋರು ಇಂಥೋರು ಅಂತ ಒಂದೇ ಸಾಲು ಬರ್ಕೊಡಿ. ಸಾಕು."

ಗುರುಶಾಂತಮ್ಮ ತಗಡು ಬಿಟ್ಟು ಒಳಗಿನಿಂದ ಪೆನ್ನು ತಂದಳು. ಅವನಿಗೆ ಕೊಡಲಿಲ್ಲ, ನೇರ ನನ್ನ ಕೈಗೆ ಕೊಟ್ಟಳು. ಯಾರು ತೆಗೆದದ್ದೆಂದು ಆ ಮನೆಯಲ್ಲಿ ಇಬ್ಬರಿಗೂ ಮೊದಲ ದಿನದಿಂದಲೇ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಸೀಲಿನ ಕೆಳಗೆ ಎರಡು ಸಾಲಿನಷ್ಟು ಜಾಗವಿತ್ತು. ಪತ್ರವನ್ನು ತೊಡೆಯ ಮೇಲೆ ಹರಡಿದೆ, ಪೆನ್ನಿನ ಮುಚ್ಚಳ ತೆಗೆದೆ. ಗಂಡ ಹೆಂಡತಿ ಇಬ್ಬರೂ ನಿಂತು ನೋಡುತ್ತಿದ್ದರು.

"ಅಧ್ಯಕ್ಷರನ್ನ ಒಂದು ಮಾತು ಕೇಳಿ ಬರೀತೀನಿ," ಎಂದೆ.

ಷಣ್ಮುಖಪ್ಪ ಪತ್ರವನ್ನು ಮಡಿಸಿ ನನ್ನ ಜೇಬಿಗೆ ತಾನೇ ಇಟ್ಟ. "ಕೇಳ್ಕೊಂಡು ಬನ್ನಿ ಸಾರ್," ಎಂದು ಮರ್ಯಾದೆಯಿಂದಲೇ ಹೇಳಿ ತಗಡಿನ ಮುಂದೆ ಕೂತ.

ಗ್ರಾಚ್ಯುಯಿಟಿ ಬಂದು ಬ್ಯಾಂಕು ಸೇರಿತ್ತು. ನಿವೃತ್ತನಾಗಿ ಹನ್ನೊಂದು ದಿನವಾಗಿತ್ತು. ನನಗೆ ಅಧ್ಯಕ್ಷರು ಅಂತ ಯಾರೂ ಇರಲಿಲ್ಲ.